ಹೆಸರಿನ ಗುತ್ತಿಗೆ

ಹೆಸರು ಬೇರೆ, ವಿಳಾಸ ಬೇರೆ. ಇದು ಎಲ್ಲರಿಗೂ ತಿಳಿದ ಮಾತೇ ಆದರೂ ಇವೆರಡರ ಅಂತರ ನಮಗೆ ಎದ್ದು ಕಾಣುವುದು ಮನೆ ಬದಲಾಯಿಸಿದಾಗ. ಪಟ್ಟಣದ ಬಾಡಿಗೆದಾರನ ವಿಳಾಸ ಹತ್ತು ವರ್ಷಗಳಲ್ಲಿ ನಾಲ್ಕು ಸಲ ಬದಲಾದೀತು. ಅವನ ಹೆಸರು ಬದಲಾಗದು. ಹೆಸರು ಹೇಳಿ ವಿಚಾರಿಸಿದವರಿಗೆ ಈಗಿನ ಮನೆಯನ್ನು ತೋರಿಸಬಲ್ಲ ಒಬ್ಬ ನಂಬಿಕಸ್ತ ಆ ಬೀದಿಯಲ್ಲಿದ್ದರೆ ಸಾಕು, ಊರಿನಿಂದ ಬಂದ ನಂಟರು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಈ ನಂಬಿಕಸ್ತನ ಕೆಲಸವನ್ನು ಮಾಡುವ ಏರ್ಪಾಡಿಗೆ ಡೊಮೈನ್ ನೇಮ್ ಸಿಸ್ಟಮ್ ಎಂದು ಹೆಸರು. ಮನೆಯಲ್ಲಿಯೇ ಒಂದು ಕಂಪ್ಯೂಟರನ್ನಿಟ್ಟು ಸ್ವಂತ ವೆಬ್‌ಸೈಟನ್ನು ನಡೆಸಬೇಕೆನ್ನುವವರು ಮೊದಲು ಹೋಗಿ ನಿಲ್ಲಬೇಕಾದುದು ಇದರ ಬಾಗಿಲಲ್ಲಿ. ಆ ಬಾಗಿಲನ್ನು ಕಟ್ಟಿದವರು ಯಾರು, ಅಲ್ಲಿ ಸುಂಕದ ಕಟ್ಟೆ ಹೇಗೆ ಬಂತು ಎಂಬ ಚರಿತ್ರೆ ಸ್ವಾರಸ್ಯವಾಗಿದೆ.

1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ಕಂಪ್ಯೂಟರೊಂದು ಮೆನ್ಲೊ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಮೊದಲ ಸಂದೇಶವನ್ನು ಕಳಿಸಿತು. ಅರ್ಪಾನೆಟ್ ಎಂದು ಕರೆಯಲಾಗುತ್ತಿದ್ದ ಆ ಜಾಲದಲ್ಲಿ ಆ ವರ್ಷದ ಕೊನೆಗೆ ಇದ್ದುದು ನಾಲ್ಕೇ ನೆಲೆಗಳು. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯನ ನಾಲಗೆಗೆ ಅಂಕಿ ನಿಲ್ಲದು. ಆದಕಾರಣ ಇಂತಹ ಹೆಸರಿಗೆ ಇಂತಹ ಅಂಕಿ ಎಂದು ತೋರಿಸುವ ಒಂದು ಪಟ್ಟಿ ಬೇಕಾಯಿತು. ಆ ಪಟ್ಟಿಯನ್ನು ಕಾಯುತ್ತಿದ್ದುದು ಮೆನ್ಲೊ ಪಾರ್ಕಿನ ಮಾಹಿತಿ ಕೇಂದ್ರ. ಅದರ ಮೇಲ್ವಿಚಾರಕಿ ಎಲಿಜಬೆತ್ ಫೈನ್ಲರ್. ಓದಿದ್ದು ರಸಾಯನಶಾಸ್ತ್ರ, ಮಾಡಿದ್ದು ಗ್ರಂಥಪಾಲಕಿಯ ಕೆಲಸ. ಹೊಸ ಕಂಪ್ಯೂಟರಿಗೆ ಹೆಸರು ಬೇಕಾದವರು ಅವರ ಕಚೇರಿಗೆ ತಿಳಿಸುವುದು, ಅವರು ಪಟ್ಟಿಯಲ್ಲಿ ಒಂದು ಸಾಲು ಸೇರಿಸುವುದು, ಮಿಕ್ಕವರೆಲ್ಲರೂ ಆಗಾಗ ಪಟ್ಟಿಯ ಪ್ರತಿಯನ್ನು ತರಿಸಿಕೊಳ್ಳುವುದು—ಇಷ್ಟೇ ವ್ಯವಸ್ಥೆ. ಪುಟ್ಟ ಹಳ್ಳಿಯಲ್ಲಿ ಶಾನುಭೋಗರೊಬ್ಬರ ಖಾತೆ ಪುಸ್ತಕವೇ ಎಲ್ಲಕ್ಕೂ ಆಧಾರವಾಗಿದ್ದಂತೆ.

ಹಳ್ಳಿ ಬೆಳೆಯಿತು. ನೂರಾರು ಕಂಪ್ಯೂಟರುಗಳು ದಿನದಿನವೂ ಇಡೀ ಪಟ್ಟಿಯನ್ನು ಬೇಡತೊಡಗಿದುವು. ಒಂದೇ ಹೆಸರಿಗೆ ಇಬ್ಬರು ಕೈಚಾಚಿದರು. ಪ್ರತಿ ತಲಪುವ ಹೊತ್ತಿಗೆ ಪಟ್ಟಿ ಹಳತಾಗಿರುತ್ತಿತ್ತು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಪೋಸ್ಟೆಲ್ ಇದಕ್ಕೊಂದು ದಾರಿ ಹುಡುಕುವ ಹೊಣೆಯನ್ನು ಪಾಲ್ ಮೊಕಪೆಟ್ರಿಸ್ ಎಂಬ ಸಹೋದ್ಯೋಗಿಗೆ ಒಪ್ಪಿಸಿದರು. ಅವರು 1983ರ ನವೆಂಬರಿನಲ್ಲಿ ಪ್ರಕಟಿಸಿದ ಎರಡು ಪತ್ರಿಕೆಗಳೇ ಇಂದಿನ ಏರ್ಪಾಡಿನ ಬುನಾದಿ. 1987ರಲ್ಲಿ ಅವನ್ನು ತಿದ್ದಿ ಹೊರತಂದ ರೂಪವೇ ಈಗಲೂ ಆಧಾರ.

ಮೊಕಪೆಟ್ರಿಸ್ ಕಂಡ ಉಪಾಯ ನಮ್ಮ ಶಾಸನಗಳನ್ನು ಓದಿದವರಿಗೆ ಹೊಸದೆನಿಸಲಾರದು. ಬನವಾಸಿ ಹನ್ನೆರಡು ಸಾವಿರ, ಅದರೊಳಗೆ ನಾಗರಖಂಡ ಎಪ್ಪತ್ತು, ಅದರೊಳಗೊಂದು ಗ್ರಾಮ: ಹೀಗೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಶಾಸನ ಒಂದು ತುಂಡು ಭೂಮಿಯನ್ನು ಗುರುತಿಸುತ್ತದೆ. ಮಂಡಲವನ್ನಾಳುವವನಿಗೆ ಪ್ರತಿ ಹೊಲದ ಎಲ್ಲೆಯೂ ಗೊತ್ತಿರಬೇಕಾಗಿಲ್ಲ. ನಾಡನ್ನು ನೋಡಿಕೊಳ್ಳುವವನು ಯಾರೆಂದು ತಿಳಿದಿದ್ದರೆ ಸಾಕು. ಡೊಮೈನ್ ಎಂಬ ಮಾತಿಗೂ ಒಬ್ಬನ ಅಧಿಕಾರಕ್ಕೊಳಪಟ್ಟ ನೆಲವೆಂದೇ ಅರ್ಥ. ವೆಬ್‌ಸೈಟಿನ ಹೆಸರನ್ನು ಬಲದಿಂದ ಎಡಕ್ಕೆ ಓದಿದರೆ ಈ ಇಳಿತ ಕಾಣುತ್ತದೆ. ಕಟ್ಟಕಡೆಯ ಚುಕ್ಕೆಯ ಮುಂದೆ 'ಇನ್' ಎಂದಿದ್ದರೆ ಅದು ಭಾರತದ ನಾಡು. ಲೋಕಕ್ಕೆಲ್ಲ ಬೇರಿನಂತಿರುವ ಹದಿಮೂರು ಹೆಸರಿನ ಸರ್ವರುಗಳಿಗೆ ಗೊತ್ತಿರುವುದು ಇಂತಹ ನಾಡುಗಳ ಕಾವಲುಗಾರರು ಮಾತ್ರ. ಅವರನ್ನು ಕೇಳಿದರೆ ಮುಂದಿನವರನ್ನು ತೋರಿಸುತ್ತಾರೆ. ಆ ಮುಂದಿನವರು ಮನೆಯ ಅಂಕಿಯನ್ನು ಹೇಳುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಈ ವಿಚಾರಣೆಯೆಲ್ಲ ಮುಗಿದಿರುತ್ತದೆ.

'ಕಾಮ್', 'ಎಜು', 'ಗವ್', 'ಆರ್ಗ್' ಮೊದಲಾದ ನಾಡುಗಳನ್ನೂ ದೇಶಗಳಿಗೆ ಎರಡೆರಡು ಅಕ್ಷರದ ನಾಡುಗಳನ್ನೂ 1984ರ ಅಕ್ಟೋಬರಿನಲ್ಲಿ ಗೊತ್ತುಮಾಡಲಾಯಿತು. 1985ರ ಮಾರ್ಚ್ 15ರಂದು ಮ್ಯಾಸಚೂಸೆಟ್ಸಿನ ಸಿಂಬಾಲಿಕ್ಸ್ ಎಂಬ ಕಂಪ್ಯೂಟರು ಕಂಪನಿ 'ಕಾಮ್' ನಾಡಿನ ಮೊದಲ ಹೆಸರನ್ನು ದಾಖಲು ಮಾಡಿಸಿತು. ಆಗ ಹೆಸರಿಗೆ ಬೆಲೆಯಿರಲಿಲ್ಲ. ಕೇಳಿದವರಿಗೆ ಪುಕ್ಕಟೆಯಾಗಿ ಸಿಕ್ಕುತ್ತಿತ್ತು. ಖರ್ಚನ್ನು ಅಮೆರಿಕ ಸರ್ಕಾರ ವಹಿಸಿಕೊಂಡಿತ್ತು. ಒಂದು ದಶಕ ಹೀಗೆಯೇ ನಡೆಯಿತು. ವೆಬ್ಬು ಬಂದು ವ್ಯಾಪಾರಿಗಳು ಮುಗಿಬಿದ್ದ ಮೇಲೆ, 1995ರ ಸೆಪ್ಟೆಂಬರಿನಿಂದ, ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಕಂಪನಿಗೆ ಹೆಸರೊಂದಕ್ಕೆ ವರ್ಷಕ್ಕೆ 50 ಡಾಲರಿನಂತೆ, ಮೊದಲ ಎರಡು ವರ್ಷಕ್ಕೆ 100 ಡಾಲರನ್ನು ವಸೂಲು ಮಾಡಲು ಅಪ್ಪಣೆಯಾಯಿತು. ನಂಬಿಕೆಯ ಹಳ್ಳಿಗೆ ಗುತ್ತಿಗೆಯ ಪತ್ರ ಬಂದುದು ಅಂದು.

ಆ ಹಳ್ಳಿಯ ಹಿರಿಯನಂತಿದ್ದವರು ಪೋಸ್ಟೆಲ್. ಉದ್ದನೆಯ ಗಡ್ಡದ ಈ ಮನುಷ್ಯ ಜಾಲದ ಅಂಕಿಗಳನ್ನೂ ನಾಡುಗಳನ್ನೂ ಹಂಚುವ ಕೆಲಸವನ್ನು ವರ್ಷಗಟ್ಟಲೆ ನೋಡಿಕೊಂಡರು. ಅವರ ಮಾತಿಗಿದ್ದ ಬಲ ಬಹುಮಟ್ಟಿಗೆ ಸಹೋದ್ಯೋಗಿಗಳ ವಿಶ್ವಾಸವೇ. 1998ರ ಸೆಪ್ಟೆಂಬರಿನಲ್ಲಿ ಈ ಹೊಣೆಯನ್ನು ಹೊರಲು ಐಕ್ಯಾನ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಮರುತಿಂಗಳು, ಅಕ್ಟೋಬರ್ 16ರಂದು, ಪೋಸ್ಟೆಲ್ ತೀರಿಕೊಂಡರು. ಆಗ ಅವರಿಗೆ 55 ವರ್ಷ. 2016ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರದ ಉಸ್ತುವಾರಿಯೂ ಕೊನೆಗೊಂಡಿತು.

ನಮ್ಮ ದೇಶದ 'ಇನ್' ನಾಡು ಹುಟ್ಟಿದ್ದು 1989ರಲ್ಲಿ. ಬಹುಕಾಲ ಅದರ ನಿಯಮಗಳು ಬಿಗಿಯಾಗಿದ್ದುವು. ಸಾಮಾನ್ಯ ಗೃಹಸ್ಥನಿಗೆ ಅಲ್ಲಿ ಪ್ರವೇಶ ಸುಲಭವಿರಲಿಲ್ಲ. 2005ರಲ್ಲಿ ಆಡಳಿತ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ ಕೈಗೆ ಬಂದು ಬಾಗಿಲು ಎಲ್ಲರಿಗೂ ತೆರೆಯಿತು. ಈಗ ವರ್ಷಕ್ಕೆ ಕೆಲವು ನೂರು ರೂಪಾಯಿ ತೆತ್ತರೆ ನಿಮ್ಮ ಮನೆತನದ ಹೆಸರಿನಲ್ಲಿಯೇ ಒಂದು ತುಂಡು ನೆಲ ಸಿಕ್ಕೀತು.

ನನಗೆ ಅದು ಬೇಕಾದುದಕ್ಕೆ ಕಾರಣವಿತ್ತು. ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ನಮ್ಮ ತಂದೆಯವರು ಗಾದೆ, ಒಗಟು, ಬೀಸುವ ಪದಗಳನ್ನು ಹನ್ನೊಂದು ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಅಚ್ಚು ಹಾಕಿಸುವ ಪ್ರಕಾಶಕರು ದೊರೆಯಲಿಲ್ಲ. ಪುಟಗಳ ಚಿತ್ರ ತೆಗೆದು, ಮನೆಯ ಕಪಾಟಿನಲ್ಲಿ ಅಂಗೈಯಗಲದ ಕಂಪ್ಯೂಟರೊಂದನ್ನಿಟ್ಟು, ಬೇಕಾದವರು ಅಲ್ಲಿಂದಲೇ ಓದಿಕೊಳ್ಳಲೆಂದು ನಿಶ್ಚಯಿಸಿದೆ. ಇತರರು ಪುಕ್ಕಟೆಯಾಗಿ ಕೊಡುವ ಜಾಗವಿರುವಾಗ ಈ ಉಸಾಬರಿ ಏಕೆಂದು ಮಿತ್ರರು ಕೇಳಿದರು. ಅದಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬಲ್ಲಿ ಲಕ್ಷಾಂತರ ಜನ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದರು. ಅದನ್ನು ಕೊಂಡಿದ್ದ ಯಾಹೂ 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಕೆಲವರು ಆಸಕ್ತರು ನಕಲು ಮಾಡಿಟ್ಟುಕೊಂಡಷ್ಟು ಉಳಿಯಿತು, ಮಿಕ್ಕುದು ಹೋಯಿತು. ಅಲ್ಲದೆ, ಮನೆಯಲ್ಲಿ ಸೈಟು ನಡೆಸುವುದು ಹುಚ್ಚೇನೂ ಅಲ್ಲ. ಟಿಮ್ ಬರ್ನರ್ಸ್ ಲೀ ಅವರ ಪ್ರಪ್ರಥಮ ವೆಬ್‌ಸೈಟು ಇದ್ದುದು ಜಿನೀವಾ ಬಳಿಯ ಸೆರ್ನ್ ಸಂಸ್ಥೆಯ ಒಂದು ಮೇಜಿನ ಕಂಪ್ಯೂಟರಿನಲ್ಲಿ. ಯಾರೂ ಅದನ್ನು ಆರಿಸಕೂಡದೆಂದು ಅದರ ಮೇಲೊಂದು ಚೀಟಿ ಅಂಟಿಸಿದ್ದರು.

ಹೆಸರು ಪಡೆಯುವುದು ಅರ್ಧ ಗಂಟೆಯ ಕೆಲಸ. ಮಾರುವವರ ಬಳಿ ನಾವು ಬಯಸಿದ ಹೆಸರು ಇನ್ನೂ ಖಾಲಿಯಿದೆಯೆ ಎಂದು ನೋಡಿ, ಹೆಸರು ವಿಳಾಸ ಕೊಟ್ಟು, ಹಣ ಕಟ್ಟಿ, ಆ ಹೆಸರಿನ ಎದುರಿಗೆ ನಮ್ಮ ಮನೆಯ ಅಂಕಿಯನ್ನು ಬರೆಯುವುದು. ತೊಡಕು ಹುಟ್ಟಿದ್ದು ಈ ಅಂಕಿಯಲ್ಲಿಯೇ. ನೆರವಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿ ಮರುದಿನವೇ, "ಸಾರ್, ರಾತ್ರಿ ಕರೆಂಟು ಹೋಗಿ ಬಂದಿದೆ, ನಿಮ್ಮ ಮನೆ ನಂಬರೇ ಬದಲಾಗಿದೆ" ಎಂದ. ಹಳೆಯ ಪದ್ಧತಿಯ ಅಂಕಿಗಳು ಒಟ್ಟು ಸುಮಾರು 430 ಕೋಟಿ. ಹಂಚಲು ಕೇಂದ್ರದಲ್ಲಿ ಉಳಿದಿದ್ದ ಕೊನೆಯ ಕಂತುಗಳೂ 2011ರ ಫೆಬ್ರವರಿ 3ರಂದು ತೀರಿದುವು. ಆದುದರಿಂದ ಮನೆಗಳಿಗೆ ಸ್ಥಿರವಾದ ಅಂಕಿಯನ್ನು ಕೊಡುವ ಪರಿಪಾಠ ಕಡಿಮೆ. ಎಷ್ಟೋ ಕಡೆ ಹಲವಾರು ಮನೆಗಳನ್ನು ಒಂದೇ ಅಂಕಿಯ ಹಿಂದೆ ಕೂಡಿಹಾಕುವುದೂ ಉಂಟು, ವಠಾರದ ಹೆಬ್ಬಾಗಿಲಿನಂತೆ. ಅಂತಹ ಕಡೆ ಹೊರಗಿನವರು ಬಂದು ನಿಮ್ಮ ಕದವನ್ನೇ ತಟ್ಟಲು ಆಗದು. ಹೆಚ್ಚಿನ ಹಣ ಕೊಟ್ಟು ಸ್ಥಿರ ಅಂಕಿಯನ್ನು ಪಡೆಯಬೇಕು, ಇಲ್ಲವೆ ಹೊಸ ಪದ್ಧತಿಯ ಉದ್ದನೆಯ ಅಂಕಿಗೆ ಹೋಗಬೇಕು. ನಮ್ಮದು ವಠಾರವಲ್ಲ, ಬದಲಾಗುವ ಅಂಕಿ ಮಾತ್ರ. ಇದಕ್ಕೆ ಪರಿಹಾರ ಸರಳ. ಮನೆಯ ಕಂಪ್ಯೂಟರು ಐದೈದು ನಿಮಿಷಕ್ಕೊಮ್ಮೆ ತನ್ನ ಅಂಕಿಯನ್ನು ತಾನೇ ನೋಡಿಕೊಂಡು, ಬದಲಾಗಿದ್ದರೆ ಹೆಸರಿನ ಕಾವಲುಗಾರನಿಗೆ ವರದಿ ಒಪ್ಪಿಸುತ್ತದೆ. ನಾಲ್ಕು ಮನೆ ಬದಲಾಯಿಸಿದ ಬಾಡಿಗೆದಾರ ಅಂಚೆ ಕಚೇರಿಗೆ ಹೊಸ ವಿಳಾಸ ಬರೆದು ಕೊಡುವಂತೆಯೇ ಇದು. ಅಂಕಿ ಎಷ್ಟು ಸಲ ಬದಲಾದರೂ ಓದುಗನಿಗೆ ಅದರ ಸುಳಿವೇ ಹತ್ತುವುದಿಲ್ಲ.

ಹೆಸರನ್ನು ಕನ್ನಡದಲ್ಲಿಯೇ ಇಡಬಾರದೆ? ಇಡಬಹುದು. 2003ರಲ್ಲಿ ಇಂಗ್ಲಿಷೇತರ ಲಿಪಿಗಳಿಗೆ ದಾರಿಯಾಯಿತು. ಇಂದು ಕನ್ನಡ ಅಕ್ಷರಗಳ '.ಭಾರತ' ಎಂಬ ನಾಡೇ ಇದೆ. ಆದರೆ ಬೇರಿನ ಸರ್ವರುಗಳು ಕನ್ನಡವನ್ನರಿಯವು. ಒಳಗೊಳಗೆ ಆ ಹೆಸರು 'ಎಕ್ಸ್ ಎನ್' ಎಂದು ಮೊದಲಾಗುವ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಸಂಚರಿಸುತ್ತದೆ. ಇನ್ನೊಂದು ಸ್ವಾರಸ್ಯವೆಂದರೆ ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು; ಅ, ಬ, ಲ ಮುಂತಾದುವು ಎರಡರಲ್ಲಿಯೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದರ ವೇಷದಲ್ಲಿ ಇನ್ನೊಂದನ್ನಿಟ್ಟು ವಂಚಿಸುವವರನ್ನು ತಡೆಯಲು ಪ್ರತ್ಯೇಕ ನಿಯಮಗಳನ್ನೇ ಮಾಡಬೇಕಾಯಿತು. ಲಿಪಿಯ ಚರಿತ್ರೆ ಪಾಠದ ಕೊಠಡಿಯಿಂದ ಹೊರಬಿದ್ದು ವ್ಯವಹಾರಕ್ಕಿಳಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಇಷ್ಟೆಲ್ಲ ಆದ ಮೇಲೂ ಒಂದು ಮಾತನ್ನು ನೆನಪಿಡತಕ್ಕದ್ದು. ಕಂಪ್ಯೂಟರು ನಮ್ಮದು, ಬರೆಹ ನಮ್ಮದು, ಮನೆ ನಮ್ಮದು. ಹೆಸರು ಮಾತ್ರ ನಮ್ಮದಲ್ಲ. ಅದನ್ನು ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷದ ಅವಧಿಗೆ ಹಿಡಿಯಬಹುದು. ಹಣ ಕಟ್ಟುವುದು ತಪ್ಪಿದರೆ ಕೆಲವು ವಾರಗಳ ಗಡುವು. ಆಮೇಲೆ ಅದು ಕೇಳಿದವನ ಪಾಲು. ಆಗ ನಮ್ಮ ಹೆಸರನ್ನು ಹಿಡಿದು ಬಂದವನು ಯಾವುದೋ ಜೂಜುಕಟ್ಟೆಯ ಬಾಗಿಲಲ್ಲಿ ನಿಂತಾನು. ಬಾಡಿಗೆ ಕಟ್ಟಿದವರ ನೆಲವೂ ಕುಸಿಯುವುದುಂಟು: ಯುಗೊಸ್ಲಾವಿಯ ಛಿದ್ರವಾದ ಮೇಲೆ ಅದರ 'ವೈಯು' ನಾಡನ್ನು 2010ರ ಮಾರ್ಚಿನಲ್ಲಿ ಅಳಿಸಿಹಾಕಲಾಯಿತು, ಅಲ್ಲಿದ್ದ ಹೆಸರುಗಳೆಲ್ಲ ಅದರೊಡನೆ ಹೋದುವು.

ನಮ್ಮ ದಾನಶಾಸನಗಳು ಆಚಂದ್ರಾರ್ಕಸ್ಥಾಯಿ ಎಂದು ಬರೆಯುತ್ತಿದ್ದುವು. ಚಂದ್ರಸೂರ್ಯರಿರುವವರೆಗೆ ಎಂಬ ಆ ಮಾತನ್ನು ಕಲ್ಲಿನ ಮೇಲಿದ್ದರೂ ಬರೆದವರು ಪೂರ್ತಿ ನಂಬಿರಲಿಲ್ಲ. ಆದುದರಿಂದಲೇ ಅದರ ಕೆಳಗೆ, ಕಾದವನಿಗೆ ಇಂತಹ ಪುಣ್ಯ, ಅಳಿದವನಿಗೆ ಇಂತಹ ಪಾಪವೆಂದು ಸೇರಿಸಿ, ಧರ್ಮವನ್ನು ಮುಂದಿನವರ ಕೈಗೆ ಒಪ್ಪಿಸುತ್ತಿದ್ದರು. ಹತ್ತು ವರ್ಷದ ಹೆಸರಿಗೂ ಬೇಕಾದುದು ಅಂತಹ ಕಾಯುವ ಒಬ್ಬರು. ನಮ್ಮ ಮನೆಯಲ್ಲಿ ಆ ಹೊಣೆಯನ್ನು ಮಗಳು ಒಪ್ಪಿಕೊಂಡಿದ್ದಾಳೆ. ಹೆಸರಿನ ರಸೀತಿ, ಗುತ್ತಿಗೆ ಮುಗಿಯುವ ತಾರೀಖು, ಬೀಗದ ಗುಪ್ತಪದ ಇವು ಮನೆಕಂದಾಯದ ರಸೀತಿಗಳಿರುವ ಕಡತದಲ್ಲಿಯೇ ಇವೆ. ಆ ಕಡತ ಎಲ್ಲಿದೆಯೆಂಬುದು ಅವಳಿಗೆ ಗೊತ್ತು.