ಕುಂಪಣಿಯ ನೌಕರರ ಶಿಕ್ಷಣವೂ ಕನ್ನಡ ವ್ಯಾಕರಣವೂ

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲಿಷರು ಬರೆದು ಅಚ್ಚುಹಾಕಿಸಿದ ಕನ್ನಡ ವ್ಯಾಕರಣಗಳ ಮಾತು ಬಂದಾಗ ಅವುಗಳ ಕೀರ್ತಿಯನ್ನೆಲ್ಲ ಕ್ರೈಸ್ತ ಪಾದ್ರಿಗಳಿಗೆ ಸಲ್ಲಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಪಾದ್ರಿಗಳ ಸೇವೆಯು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಳೆಯುತ್ತಿದ್ದ ಒಂದು ವ್ಯಾಪಾರಸಂಸ್ಥೆಯು ತನ್ನ ಎಳೆಯ ನೌಕರರನ್ನು ಕೆಲಸಕ್ಕೆ ತಿದ್ದಿಕೊಳ್ಳಬೇಕಾಗಿ ಬಂದುದೂ ಈ ಗ್ರಂಥಗಳ ಹುಟ್ಟಿಗೆ ಕಾರಣವಾಯಿತು. ಅದನ್ನು ನಾವು ತಕ್ಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ.

ಈಸ್ಟ್ ಇಂಡಿಯಾ ಕುಂಪಣಿಯ ನೌಕರನು ಮೊದಲು ರೈಟರ್, ಬಳಿಕ ಫ್ಯಾಕ್ಟರ್, ಆಮೇಲೆ ಕಿರಿಯ ವರ್ತಕ, ಕೊನೆಗೆ ಹಿರಿಯ ವರ್ತಕ, ಹೀಗೆ ಮೆಟ್ಟಿಲೇರುತ್ತಿದ್ದನು. ಮೀಸೆ ಮೂಡದ ವಯಸ್ಸಿನಲ್ಲಿಯೇ ಹಡಗು ಹತ್ತಿ ಬಂದ ಈ ಹುಡುಗರಿಗೆ ಲೆಕ್ಕಪತ್ರ ಬರೆಯಲು ಬಂದರೆ ಸಾಕಾಗಿತ್ತು. ದೇಶವೇ ಕೈಗೆ ಬಂದಮೇಲೆ ಅದು ಸಾಲದಾಯಿತು. ನಿನ್ನೆಯ ಗುಮಾಸ್ತನು ಇಂದು ಕಂದಾಯ ವಸೂಲು ಮಾಡಬೇಕು, ನ್ಯಾಯ ಹೇಳಬೇಕು. ಈ ವರ್ತಕಬಿರುದುಗಳಿಗೂ ನೌಕರರು ಮಾಡುತ್ತಿದ್ದ ಕೆಲಸಕ್ಕೂ ಸಂಬಂಧವೇ ಉಳಿದಿಲ್ಲವೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ವಾದಿಸಿ, 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದನು. ಅಲ್ಲಿ ಕಲಿಸತಕ್ಕ ಭಾಷೆಗಳಲ್ಲಿ ಕನ್ನಡವೂ ಒಂದಾಗಿ ಗಣಿತವಾಗಿತ್ತು. ಸ್ಥಾಪನೆಯ ನಿಬಂಧನೆಯು ಅಂಗೀಕೃತವಾದುದು ಜುಲೈ ತಿಂಗಳಲ್ಲಿ. ಆದರೂ ವೆಲ್ಲೆಸ್ಲಿಯ ಅಪ್ಪಣೆಯಂತೆ ಅದಕ್ಕೆ ಮೇ 4ರ ತಾರೀಖನ್ನು ಹಾಕಲಾಯಿತು. ಅದು ಶ್ರೀರಂಗಪಟ್ಟಣವು ಬಿದ್ದ ವರ್ಷಾಂತ್ಯದ ದಿನ. ಪಾಠಶಾಲೆಯೊಂದರ ಜನ್ಮದಿನವನ್ನು ರಣರಂಗದಿಂದ ಎತ್ತಿಕೊಂಡ ನಿದರ್ಶನವು ವಿರಳವೇ ಸರಿ.

ಲಂಡನ್ನಿನ ನಿರ್ದೇಶಕರಿಗೆ ಈ ವೆಚ್ಚವು ಹಿಡಿಸಲಿಲ್ಲ. ಅವರು 1802ರಲ್ಲಿ ಕಾಲೇಜನ್ನು ಮುಚ್ಚಬೇಕೆಂದೇ ಬರೆದರು. ಬಳಿಕ ಅದು ಭಾಷಾಪಾಠಶಾಲೆಯಾಗಿ ಉಳಿಯಿತು. ಸಾಮಾನ್ಯ ವಿದ್ಯೆಗಾಗಿ ಅವರು 1806ರಲ್ಲಿ ಇಂಗ್ಲೆಂಡಿನಲ್ಲಿಯೇ ಬೇರೊಂದು ಕಾಲೇಜನ್ನು ತೆರೆದರು. ಹೇಲಿಬರಿ ಎಂದು ಹೆಸರಾದುದು ಅದೇ.

ನಮಗೆ ಹೆಚ್ಚು ಮುಖ್ಯವಾದುದು ಮದರಾಸು. ಕೆನರಾ ಪ್ರಾಂತವು 1799ರಲ್ಲಿಯೂ ಬಳ್ಳಾರಿಯ ಸೀಮೆಯು 1800ರಲ್ಲಿಯೂ ಕುಂಪಣಿಯ ವಶವಾದುವು. ಅಲ್ಲಿಗೆ ಕನ್ನಡ ಬಲ್ಲ ಅಧಿಕಾರಿಗಳು ಬೇಕಾದರು. 1812ರಲ್ಲಿ ಎಲ್ಲಿಸನ ಪ್ರಯತ್ನದಿಂದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಏರ್ಪಟ್ಟಿತು. ಇದರ ವ್ಯವಸ್ಥೆಯಲ್ಲಿ ಒಂದು ವಿಶೇಷವನ್ನು ಗಮನಿಸಬೇಕು: ಕಲಿಯುವ ಸಿವಿಲಿಯನರಿಗಷ್ಟೇ ಅಲ್ಲದೆ, ಅವರಿಗೆ ಕಲಿಸತಕ್ಕ ದೇಶೀಯ ಉಪಾಧ್ಯಾಯರಿಗೂ ಇಲ್ಲಿ ಶಿಕ್ಷಣವಿತ್ತು. ಸ್ವಂತ ಮುದ್ರಣಾಲಯವೂ ಇತ್ತು. ಕ್ಯಾಂಬೆಲನ ತೆಲುಗು ವ್ಯಾಕರಣವು 1816ರಲ್ಲಿ ಅಲ್ಲಿ ಅಚ್ಚಾಯಿತು. ಅದಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ ಎಲ್ಲಿಸನು ತಮಿಳು ತೆಲುಗು ಕನ್ನಡಗಳ ಧಾತುಗಳನ್ನು ಒಟ್ಟಿಗಿಟ್ಟು ನೋಡಿ, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಒಂದೇ ಕುಲದವು ಎಂದು ತೋರಿಸಿದನು. ಕಾಲ್ಡ್‌ವೆಲ್ಲನ ಗ್ರಂಥಕ್ಕೆ ಇದು 40 ವರ್ಷ ಹಿಂದಿನದು. ಕನ್ನಡದಲ್ಲಿ, ಫೋರ್ಟ್ ವಿಲಿಯಂ ಕಾಲೇಜಿನ ಉಪಾಧ್ಯಾಯನೂ ಪಾದ್ರಿಯೂ ಆಗಿದ್ದ ಕೇರಿಯ ವ್ಯಾಕರಣವು 1817ರಲ್ಲಿ ಶ್ರೀರಾಂಪುರದಲ್ಲಿಯೂ ಮೆಕೆರೆಲನದು 1820ರಲ್ಲಿ ಮದರಾಸಿನಲ್ಲಿಯೂ ಹೊರಬಂದುವು. ಮೆಕೆರೆಲನು ಪಾದ್ರಿಯಲ್ಲ, ಕುಂಪಣಿಯ ಸಿವಿಲ್ ನೌಕರನೇ.

ಈ ಪಾಠಶಾಲೆಗಳು ನಮ್ಮ ವ್ಯಾಕರಣಶಾಸ್ತ್ರದ ಮುಂದೆ ಒಂದು ಹೊಸ ಪ್ರಶ್ನೆಯನ್ನು ತಂದಿಟ್ಟುವು: ಕಲಿಸಬೇಕಾದ ಕನ್ನಡವು ಯಾವುದು? ನಾಗವರ್ಮ, ಕೇಶಿರಾಜ, ಭಟ್ಟಾಕಳಂಕರು ಲಕ್ಷಣ ಬರೆದುದು ಕವಿಗಳ ಭಾಷೆಗೆ. ಅವರಲ್ಲಿ ಕೇಶಿರಾಜನು ಕಂದಪದ್ಯಗಳಲ್ಲಿ ಬರೆದನು. ನಾಗವರ್ಮನ ಭಾಷಾಭೂಷಣವೂ ಭಟ್ಟಾಕಳಂಕನ ಶಬ್ದಾನುಶಾಸನವೂ ಸಂಸ್ಕೃತ ಸೂತ್ರಗಳಲ್ಲಿವೆ. ಬಳ್ಳಾರಿಯ ಕಚೇರಿಯಲ್ಲಿ ರೈತನ ಅರ್ಜಿಯನ್ನು ಕೇಳಿ ಶಾನುಭೋಗನ ಲೆಕ್ಕವನ್ನು ಓದಬೇಕಾದವನಿಗೆ ಶಿಥಿಲದ್ವಿತ್ವವನ್ನೂ ಱಳಗಳ ಭೇದವನ್ನೂ ಬೋಧಿಸಿ ಏನು ಪ್ರಯೋಜನ? ಆದುದರಿಂದ ಆಡುವ ಮತ್ತು ವ್ಯವಹಾರದಲ್ಲಿ ಬರೆಯುವ ಕನ್ನಡಕ್ಕೂ ನಿಯಮಗಳುಂಟು, ಅವನ್ನು ಶಾಸ್ತ್ರೀಯವಾಗಿ ಹೇಳಬಹುದು ಎಂದು ಒಪ್ಪಲೇಬೇಕಾಯಿತು. ನಮ್ಮ ಪಂಡಿತರು ತಾವಾಗಿಯೇ ಈ ಹೆಜ್ಜೆಯಿಡುವುದಕ್ಕೆ ಇನ್ನೂ ಬಹುಕಾಲ ಬೇಕಾಗುತ್ತಿತ್ತೆಂದು ನನ್ನ ಅಭಿಪ್ರಾಯ.

ಹಾಗೆಂದು ಕುಂಪಣಿಗೆ ನಾವು ಋಣಿಗಳೆಂದು ಹೇಳಹೊರಡುವುದು ಅತಿಯಾದೀತು. ಅವರಿಗೆ ಬೇಕಾಗಿದ್ದುದು ಕಂದಾಯ. ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣನಿಗೆ ಸಂಬಳ ಏರುತ್ತಿತ್ತು. ಅವನನ್ನು ದಿನವೂ ತಿದ್ದಿದ ಪಂಡಿತನನ್ನು ಗ್ರಂಥದ ಶೀರ್ಷಿಕೆಪತ್ರದಲ್ಲಿ ಹುಡುಕಿದರೆ ಕಾಣುವುದು ಅಪೂರ್ವ. ಇದಕ್ಕೆ ಅಪವಾದವಾಗಿ ನಿಲ್ಲುವವರು ಆ ಮದರಾಸು ಕಾಲೇಜಿನ ಪಂಡಿತರಾದ ಕೃಷ್ಣಮಾಚಾರ್ಯರು. ಅವರ 'ಹೊಸಗನ್ನಡ ನುಡಿಗನ್ನಡಿ'ಯು 1838ರಲ್ಲಿ ಅಚ್ಚಾಯಿತು. ಹೆಸರೇ ಹೇಳುವಂತೆ ಅದರ ವಿಷಯವು ಹೊಸಗನ್ನಡ, ಬರೆದುದೂ ಕನ್ನಡದಲ್ಲಿಯೇ. ಪರದೇಶದ ಹುಡುಗರಿಗಾಗಿ ಎದ್ದ ಪ್ರಶ್ನೆಗೆ ಕನ್ನಡಿಗನೊಬ್ಬನು ಕನ್ನಡಿಗರಿಗೇ ಕೊಟ್ಟ ಉತ್ತರವೆಂದು ಅದನ್ನು ಎಣಿಸಬಹುದು. ಆಚಾರ್ಯರ ಊರು ಶ್ರೀರಂಗಪಟ್ಟಣ.

ಅವರ ಜೊತೆಯಲ್ಲಿಯೂ ಅವರಿಗಿಂತ ಮುಂಚೆಯೂ ಕನ್ನಡ ಕಲಿಸಿದ ಉಳಿದ ಪಂಡಿತರು ಯಾರು? ಮದರಾಸು ಸರ್ಕಾರದ ಅಂದಿನ ಕಡತಗಳು ಚೆನ್ನೈಯ ದಫ್ತರಖಾನೆಯಲ್ಲಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇವೆ. ನಮ್ಮ ಸಂಶೋಧಕರು ಆ ಹೆಸರುಗಳನ್ನು ಮೊದಲು ಅಲ್ಲಿ ಹುಡುಕಬೇಕಾಗಿದೆ.