‘ಹೂ’ ಎಂದು ಕೇಳಿದರೆ ಬರುವ ಓದುಗರ ಪಟ್ಟಿ

ಹಳೆಯ ಪತ್ರಿಕೆಯೊಂದರ ಚಂದಾದಾರರ ಪುಸ್ತಕ ಸಿಕ್ಕರೆ ಗಡಿನಾಡಿನ ಓದುಗರನ್ನು ಗುರುತಿಸುವುದು ಕಷ್ಟವಲ್ಲ. ಹೆಸರು, ಊರು, ಅಂಚೆ, ಜಿಲ್ಲೆ ಎಲ್ಲ ಅಲ್ಲಿರುತ್ತೆ. 1956ರ ಮೊದಲು ಕಾಸರಗೋಡಿನವರು ದಕ್ಷಿಣ ಕನ್ನಡ ಜಿಲ್ಲೆಯವರು, ಆಮೇಲೆ ಕೇರಳದವರು. ಓದುಗ ಕೂತಲ್ಲೇ ಇದ್ದರೂ ವಿಳಾಸ ಬದಲಾಯಿತು. ನನ್ನ ಪ್ರಬಂಧದ ಕೊನೆಯ ಅಧ್ಯಾಯದ ಓದುಗರು ಮಾತ್ರ ಇ-ಮೇಲ್ ಕಾಲದವರು. ಅವರ ಪುಸ್ತಕ ಎಲ್ಲಿದೆ?

ಅದು ತಂತ್ರಾಂಶದ ಹೊಟ್ಟೆಯಲ್ಲಿದೆ. ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಎರಿಕ್ ಥಾಮಸ್ 1986ರಲ್ಲಿ ಬರೆದ ಲಿಸ್ಟ್‌ಸರ್ವ್‌ಗೆ ‘ರಿವ್ಯೂ’ ಎಂಬ ಪದ ಮತ್ತು ಪಟ್ಟಿಯ ಹೆಸರನ್ನು ಮೇಲ್‌ನಲ್ಲಿ ಬರೆದು ಕಳಿಸಿದರೆ ಸದಸ್ಯರ ಹೆಸರು, ವಿಳಾಸ ಮರುಟಪಾಲಿನಲ್ಲಿ ಬರುತ್ತಿತ್ತು. ‘ಬೈ ಕಂಟ್ರಿ’ ಎಂದು ಸೇರಿಸಿದರೆ ದೇಶವಾರು ವಿಂಗಡಣೆ. ದೇಶ ಸಿಗುತ್ತೆ, ಭಾಷೆ ಸಿಗೋದಿಲ್ಲ. ಅಕ್ಕಲಕೋಟೆಯವರೂ ಮಂಡ್ಯದವರೂ ಒಂದೇ ಗುಂಪು. ಬ್ರೆಂಟ್ ಚಾಪ್‌ಮನ್ 1992ರಲ್ಲಿ ಪರ್ಲ್‌ನಲ್ಲಿ ಬರೆದ ಮೇಜರ್‌ಡೊಮೊ ಇದಕ್ಕೇ ‘ಹೂ’ ಎಂಬ ಆಜ್ಞೆ ಇಟ್ಟಿತು. ಯಾರು ಅಂತ ಅರ್ಥ. (ನಮ್ಮ ಕಿವಿಗೆ ಹೂವೇ ಕೇಳುತ್ತೆ, ಇರಲಿ.)

ಆರಂಭದಲ್ಲಿ ಇದನ್ನು ಯಾರೂ ಅಪಾಯ ಅಂದುಕೊಂಡಿರಲಿಲ್ಲ. ವಿಶ್ವವಿದ್ಯಾಲಯದ ಜನ, ಪರಸ್ಪರ ಗೊತ್ತಿದ್ದವರು. ಜಾಹೀರಾತಿನ ಮೇಲ್‌ಗಳು ಹೆಚ್ಚಿದ ಮೇಲೆ ಇದೇ ಒಂದು ಸಾಲು ವಿಳಾಸ ಕದಿಯುವವರಿಗೆ ಹಬ್ಬವಾಯಿತು. ಆಗ ಬಾಗಿಲು ಒಂದೊಂದಾಗಿ ಮುಚ್ಚಿದವು: ಸದಸ್ಯರಿಗೆ ಮಾತ್ರ, ಇಲ್ಲವೇ ನಿರ್ವಾಹಕರಿಗೆ ಮಾತ್ರ. ಲಿಸ್ಟ್‌ಸರ್ವ್‌ನಲ್ಲಿ ಸದಸ್ಯರೇ ‘ಕನ್ಸೀಲ್’ ಎಂದು ಬರೆದು ಮರೆಯಾಗಬಹುದಿತ್ತು. ಓದುಗರು ತಮ್ಮ ಹೆಸರನ್ನು ತಾವೇ ಮುಚ್ಚಿಡೋದು ಅಚ್ಚಿನ ಚಂದಾ ಪುಸ್ತಕದಲ್ಲಿ ಸಾಧ್ಯವಿರಲಿಲ್ಲ. ಇದು ನನಗೆ ಮುಖ್ಯವಾಗಿ ಕಂಡ ವ್ಯತ್ಯಾಸ.

ನಮ್ಮ ಊರಿನ ಕಡೆಯ ಒಂದು ಸಣ್ಣ ಸಾಹಿತ್ಯ ಬಳಗದ ಪಟ್ಟಿ ಮೇಲ್‌ಮ್ಯಾನ್‌ನಲ್ಲಿತ್ತು. ಸರ್ವರ್ ಮುಚ್ಚುತ್ತಾರೆ ಅಂತ ಗೊತ್ತಾದಾಗ ಅದನ್ನು ನೋಡಿಕೊಳ್ಳುತ್ತಿದ್ದ ಮಾಷ್ಟ್ರು, “ನೀನೇ ತೆಗ್ದಿಟ್ಕೋ ಮಾರಾಯಾ” ಅಂತ ಪಾಸ್‌ವರ್ಡ್ ಕೊಟ್ಟರು. ಪಟ್ಟಿಯ ಹೆಸರಿನ ಮುಂದೆ ‘-ರಿಕ್ವೆಸ್ಟ್’ ಸೇರಿಸಿದ ವಿಳಾಸಕ್ಕೆ ‘ಹೂ’, ಪಕ್ಕದಲ್ಲಿ ಪಾಸ್‌ವರ್ಡ್. ಪಾಸ್‌ವರ್ಡನ್ನು ಬಯಲಲ್ಲಿ ಬರೆದು ಕಳಿಸೋದು ಕೈ ನಡುಗಿಸುವ ಕೆಲಸ. ಮೊದಲ ಸಲ ಎಚ್‌ಟಿಎಂಎಲ್ ಮೇಲ್ ಕಳಿಸಿ, ಜೊತೆಗೆ ನನ್ನ ಸಹಿಯ ಸಾಲುಗಳೂ ಹೋಗಿ, ಅವನ್ನೂ ಆಜ್ಞೆ ಅಂತ ಓದಲು ನೋಡಿತು. ಬರೀ ಪಠ್ಯವಾಗಿ, ಕೆಳಗೆ ‘ಎಂಡ್’ ಅಂತ ಬರೆದು ಕಳಿಸಿದ ಮೇಲೆ ಉತ್ತರ ಬಂತು.

ಎರಡು ಭಾಗ: ಪ್ರತಿ ಮೇಲನ್ನೂ ಆಗಾಗಲೇ ಪಡೆಯುವವರು, ಕಟ್ಟಾಗಿ ಒಟ್ಟಿಗೆ ಪಡೆಯುವವರು. ಊರಿಲ್ಲ, ಜಿಲ್ಲೆಯಿಲ್ಲ, ಯಾವಾಗ ಸೇರಿದರು ಅಂತಿಲ್ಲ. ಬಿಟ್ಟುಹೋದವರ ಸುಳಿವೂ ಇಲ್ಲ. ಆಜ್ಞೆ ಕಳಿಸಿದ ಗಳಿಗೆಯಲ್ಲಿ ಇರುವವರು ಮಾತ್ರ. ಹಾಗಾಗಿ ಇದನ್ನು ಚಂದಾ ಪುಸ್ತಕಕ್ಕೆ ಸಮ ಅನ್ನೋದು ತಪ್ಪು. ನಾನು ಮೊದಲ ಕರಡಿನಲ್ಲಿ ಹಾಗೇ ಬರೆದಿದ್ದೆ, ತಿದ್ದಿದ್ದೇನೆ.

ಎರಡನೆಯ ಭಾಗದಲ್ಲಿ ನನ್ನ ಸೋದರಮಾವನ ವಿಳಾಸವಿತ್ತು. ಅವರು ತೀರಿಕೊಂಡು ಆರು ವರ್ಷ. ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು, ಈ ಬಳಗದಲ್ಲಿದ್ದರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಒಂದು ಸಾಲಾದರೂ ಬರೆದಿದ್ದರಾ ಅಂತ ಹುಡುಕಿದೆ, ಇಲ್ಲ, ಓದುಗರಾಗಿಯೇ ಇದ್ದರು. ಇಂಥವರ ಬಗ್ಗೆಯೇ ನನ್ನ ಅಧ್ಯಾಯ.

ಆದರೂ ಪಟ್ಟಿಯನ್ನು ಅನುಬಂಧದಲ್ಲಿ ಹಾಕಿಲ್ಲ. ಬದುಕಿರುವವರಿಗೆ ಒಬ್ಬೊಬ್ಬರಿಗೂ ಪತ್ರ ಬರೆದು ಊರು ಕೇಳುತ್ತಿದ್ದೇನೆ. ಒಪ್ಪಿದವರ ಊರು ಮಾತ್ರ ನಕ್ಷೆಗೆ ಬರುತ್ತೆ.