ಬಾಲ್ಸಾ ಗ್ಲೈಡರ್: ಜೋಳದ ನಾಡಿನ ಬಯಲಿಗೊಂದು ಹಾರಾಟದ ಪಾಠ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾ ಸುತ್ತಮುತ್ತಲಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ರಾಶಿ ಮುಗಿಯಿತೆಂದರೆ ಹೊಲಗಳು ಕಣ್ಣು ಹಾಯುವವರೆಗೂ ಬಯಲಾಗುತ್ತವೆ. ಆ ದಿನಗಳಲ್ಲಿ ಮಕ್ಕಳು ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಸಿಪ್ಪೆಯ ಸೀಳುಗಳನ್ನೇ ಚುಚ್ಚಿ ಬಂಡಿ, ಕನ್ನಡಕಗಳನ್ನು ಮಾಡುವುದು ಈ ಸೀಮೆಯ ಹಳೆಯ ಆಟ. ಆ ಬೆಂಡಿನ ಹಗುರತನವೇ ವಿಮಾನ ಮಾದರಿಗಳ ನಿರ್ಮಾಣಕ್ಕೂ ಆಧಾರ. ಕಾಂಡವೆಲ್ಲ ಬೆಂಡಿನಷ್ಟೇ ಹಗುರವಾಗಿರುವ ಮರವೊಂದಿದೆ. ಅದರ ಹೆಸರು ಬಾಲ್ಸಾ. ಅದರ ತೆಳು ಹಲಗೆಯಿಂದ, ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರ್ ಒಂದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ತಯಾರಿಸಬಲ್ಲನು.

ಗ್ಲೈಡರ್ ಬಲದಿಂದ ಹಾರುವುದಿಲ್ಲ, ಸಮತೋಲನದಿಂದ ಹಾರುತ್ತದೆ. ಜೋರಾಗಿ ಎಸೆದಷ್ಟೂ ದೂರ ಹೋಗುತ್ತದೆಂಬ ಎಣಿಕೆಯಿಂದಲೇ ಬಹುಪಾಲು ಮಾದರಿಗಳು ಮೊದಲ ದಿನವೇ ಮುರಿಯುತ್ತವೆ.

ಬಾಲ್ಸಾ ಎಂದರೇನು?

ಬಾಲ್ಸಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಮರ. ಇದರ ಸಸ್ಯಶಾಸ್ತ್ರೀಯ ಹೆಸರು ಓಕ್ರೋಮಾ ಪಿರಮಿಡೇಲ್. ಜಗತ್ತಿನ ಮಾರುಕಟ್ಟೆಗೆ ಬರುವ ಬಾಲ್ಸಾದಲ್ಲಿ ಬಹುಭಾಗವನ್ನು ಇಕ್ವೆಡಾರ್ ದೇಶವೇ ಪೂರೈಸುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಬಾಲ್ಸಾ ಎಂದರೆ ತೆಪ್ಪ. 1947ರಲ್ಲಿ ಥಾರ್ ಹೆಯರ್ಡಾಲ್ ಪೆಸಿಫಿಕ್ ಸಾಗರವನ್ನು ದಾಟಿದ ‘ಕಾನ್-ಟಿಕಿ’ ತೆಪ್ಪ ಈ ಮರದ ದಿಮ್ಮಿಗಳಿಂದಲೇ ನಿರ್ಮಾಣವಾಗಿತ್ತು.

ಈ ಮರ ಶೀಘ್ರವಾಗಿ ಬೆಳೆದು, ಆರೇಳು ವರ್ಷಗಳಲ್ಲಿ ಕಡಿತಕ್ಕೆ ಸಿದ್ಧವಾಗುತ್ತದೆ. ಜೀವಂತ ಮರದ ಕೋಶಗಳಲ್ಲಿ ನೀರು ತುಂಬಿರುತ್ತದೆ. ಕಡಿದು ಒಣಗಿಸಿದಾಗ ನೀರು ಹೋಗಿ, ತೆಳು ಗೋಡೆಯ ಬರಿದಾದ ಕೋಶಗಳು ಉಳಿಯುತ್ತವೆ. ಒಂದು ಘನ ಮೀಟರ್ ಸಾಗುವಾನಿ ಸುಮಾರು 650 ಕಿ.ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಬಾಲ್ಸಾ ಸಾಮಾನ್ಯವಾಗಿ 160 ಕಿ.ಗ್ರಾಂ ಆಸುಪಾಸಿನಲ್ಲಿರುತ್ತದೆ. ತೂಕಕ್ಕೆ ಹೋಲಿಸಿದಾಗ ಅದರ ಬಿಗಿತ ಹೆಚ್ಚು. ಈ ಗುಣದಿಂದಾಗಿಯೇ ಎರಡನೆಯ ಮಹಾಯುದ್ಧದ ಬ್ರಿಟಿಷ್ ವಿಮಾನ ‘ಮಾಸ್ಕಿಟೊ’ದ ಒಡಲಿನಲ್ಲಿ ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಬಳಕೆಯಾಗಿತ್ತು. ಗಾಳಿಯಂತ್ರಗಳ ಅಲಗುಗಳ ಒಳತಿರುಳಿನಲ್ಲಿಯೂ ಅದು ಬಳಕೆಯಲ್ಲಿದೆ.

ಮಾದರಿಯಿಂದ ವಿಮಾನದವರೆಗೆ

ಮನುಷ್ಯ ಹಾರುವ ಮೊದಲು ಮಾದರಿಗಳು ಹಾರಿದವು. ಇಂಗ್ಲೆಂಡಿನ ಜಾರ್ಜ್ ಕೇಲಿ 1804ರಲ್ಲಿ ಒಂದು ಕೋಲಿಗೆ ಗಾಳಿಪಟದಂತಹ ರೆಕ್ಕೆ ಮತ್ತು ಹೊಂದಿಸಬಹುದಾದ ಬಾಲವನ್ನು ಜೋಡಿಸಿ ಗ್ಲೈಡರ್ ಮಾದರಿಯನ್ನು ತೇಲಿಬಿಟ್ಟರು. ತೂಕವನ್ನು ಹಿಂದೆ ಮುಂದೆ ಸರಿಸಿ ಸಮತೋಲನ ಸಾಧಿಸುವ ಏರ್ಪಾಡು ಅದರಲ್ಲಿತ್ತು. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ರಬ್ಬರ್ ಎಳೆಯ ತಿರುಚುಬಲದಿಂದ ಹಾರುವ ಮಾದರಿಯನ್ನು ಪ್ಯಾರಿಸ್‌ನ ಉದ್ಯಾನವೊಂದರಲ್ಲಿ ಪ್ರದರ್ಶಿಸಿದರು. ರೈಟ್ ಸಹೋದರರು 1903ರಲ್ಲಿ ಎಂಜಿನ್ ವಿಮಾನ ಹಾರಿಸುವ ಮುನ್ನ, 1900ರಿಂದ 1902ರವರೆಗೆ ಗ್ಲೈಡರುಗಳಲ್ಲಿಯೇ ಅಭ್ಯಾಸ ನಡೆಸಿದ್ದರು.

ಕರ್ನಾಟಕದಲ್ಲಿ ವಿಮಾನ ವಿದ್ಯೆಯ ಅಡಿಪಾಯ ಬಿದ್ದದ್ದು ಬೆಂಗಳೂರಿನಲ್ಲಿ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ 1940ರಲ್ಲಿ ಸ್ಥಾಪನೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ 1942ರಲ್ಲಿ ಆರಂಭವಾಯಿತು. ಆ ವಿಭಾಗವನ್ನು ಕಟ್ಟಿದವರಲ್ಲಿ ಪ್ರಮುಖರಾದ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ತರಬೇತಿ ವಿಮಾನ ‘ಎಚ್‌ಟಿ-2’ 1951ರಲ್ಲಿ ಮೊದಲ ಬಾರಿಗೆ ಹಾರಿತು.

ವಿಜಯಪುರ ಜಿಲ್ಲೆಗೂ ಈ ವಿದ್ಯೆಯ ಹಾದಿ ಮುಚ್ಚಿಲ್ಲ. 1963ರಲ್ಲಿ ಸ್ಥಾಪಿತವಾದ ಸೈನಿಕ ಶಾಲೆ ಜಿಲ್ಲಾ ಕೇಂದ್ರದಲ್ಲಿದೆ. ಎನ್‌ಸಿಸಿಯ ವಾಯುದಳ ವಿಭಾಗದ ತರಬೇತಿಯಲ್ಲಿ ವಿಮಾನ ಮಾದರಿ ನಿರ್ಮಾಣವೂ ಒಂದು ವಿಷಯ. ಆದರೆ ಹಳ್ಳಿಯ ವಿದ್ಯಾರ್ಥಿ ಅಂತಹ ಅವಕಾಶಕ್ಕಾಗಿ ಕಾಯಬೇಕಾಗಿಲ್ಲ. ಒಂದೆರಡು ಹಲಗೆ, ಬ್ಲೇಡು, ಅಂಟು ಮತ್ತು ಒಂದು ಬಯಲು ಸಾಕು.

ಬೇಕಾಗುವ ಸಾಮಗ್ರಿ

ಬಾಲ್ಸಾ ಹಲಗೆಗಳು ಬೆಂಗಳೂರು, ಪುಣೆಯಂತಹ ನಗರಗಳ ಮಾದರಿ ಸಾಮಗ್ರಿ ಅಂಗಡಿಗಳಲ್ಲಿ ದೊರೆಯುತ್ತವೆ. ಅಂಚೆ ಅಥವಾ ಕೊರಿಯರ್ ಮೂಲಕ ತರಿಸಿಕೊಳ್ಳಬಹುದು. ಸಾಮಾನ್ಯ ಅಳತೆ 36 ಅಂಗುಲ ಉದ್ದ, 3 ಅಂಗುಲ ಅಗಲ. ಇಲ್ಲಿ ವಿವರಿಸಿರುವ ಗ್ಲೈಡರಿಗೆ 3 ಮಿ.ಮೀ. ದಪ್ಪದ ಒಂದು ಹಲಗೆ ಮತ್ತು 1.5 ಮಿ.ಮೀ. ದಪ್ಪದ ಒಂದು ಸಣ್ಣ ತುಂಡು ಸಾಕಾಗುತ್ತವೆ. ಇವುಗಳ ಜತೆಗೆ ಹರಿತವಾದ ಬ್ಲೇಡು, ಸ್ಟೀಲ್ ಅಳತೆಪಟ್ಟಿ, ನುಣುಪು ಮತ್ತು ಒರಟು ಸ್ಯಾಂಡ್‌ಪೇಪರ್, ಫೆವಿಕಾಲ್ ಹಾಗೂ ಗುಂಡುಸೂಜಿಗಳು ಬೇಕು.

ಹಲಗೆಯನ್ನು ಕೊಂಡ ಕೂಡಲೇ ತೂಗಿ ನೋಡುವುದು ಒಳ್ಳೆಯದು. 3 ಮಿ.ಮೀ. ದಪ್ಪದ ಪೂರ್ಣ ಹಲಗೆ 25 ಗ್ರಾಂ ತೂಗಿದರೆ ಅದು ಬಹಳ ಹಗುರ ಮತ್ತು ಮೃದು. 40 ಗ್ರಾಂ ದಾಟಿದರೆ ಗಟ್ಟಿ. ಈ ಗ್ಲೈಡರಿಗೆ ಇವೆರಡರ ನಡುವಿನ ಹಲಗೆ ಯೋಗ್ಯ. ಬಾಲ್ಸಾ ಅಗ್ಗದ ವಸ್ತುವಲ್ಲವಾದ್ದರಿಂದ ಎಲ್ಲ ಭಾಗಗಳನ್ನೂ ಮೊದಲು ರಟ್ಟಿನಲ್ಲಿ ಕತ್ತರಿಸಿ, ಜೋಡಿಸಿ ನೋಡಿ, ಬಳಿಕ ಮರದ ಮೇಲೆ ಗುರುತು ಹಾಕಬೇಕು.

ಅಳತೆಗಳು

ರೆಕ್ಕೆ: ಒಟ್ಟು ಉದ್ದ 300 ಮಿ.ಮೀ., ಅಗಲ 75 ಮಿ.ಮೀ., ದಪ್ಪ 3 ಮಿ.ಮೀ. ತಲಾ 150 ಮಿ.ಮೀ. ಉದ್ದದ ಎರಡು ತುಂಡುಗಳು.

ಒಡಲು: ಉದ್ದ 330 ಮಿ.ಮೀ., ಎತ್ತರ 12 ಮಿ.ಮೀ. 3 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ 6 ಮಿ.ಮೀ. ದಪ್ಪ ಮಾಡಬೇಕು.

ಬಾಲರೆಕ್ಕೆ: ಉದ್ದ 120 ಮಿ.ಮೀ., ಅಗಲ 45 ಮಿ.ಮೀ., ದಪ್ಪ 1.5 ಮಿ.ಮೀ.

ಲಂಬರೆಕ್ಕೆ: ಎತ್ತರ 50 ಮಿ.ಮೀ., ಬುಡದ ಅಗಲ 50 ಮಿ.ಮೀ., ತುದಿಯ ಅಗಲ 30 ಮಿ.ಮೀ., ದಪ್ಪ 1.5 ಮಿ.ಮೀ.

ಎಲ್ಲ ಭಾಗಗಳಲ್ಲಿಯೂ ಮರದ ಎಳೆಗಳು ಉದ್ದಕ್ಕೆ ಸಾಗಿರಬೇಕು. ಲಂಬರೆಕ್ಕೆಯಲ್ಲಿ ಮಾತ್ರ ಎಳೆಗಳು ಕೆಳಗಿನಿಂದ ಮೇಲಕ್ಕೆ ಇರಬೇಕು. ಎಳೆಗಳು ರೆಕ್ಕೆಗೆ ಅಡ್ಡಲಾಗಿದ್ದರೆ ಮೊದಲ ಎಸೆತಕ್ಕೇ ರೆಕ್ಕೆ ತುಂಡಾಗುತ್ತದೆ.

ನಿರ್ಮಾಣ ವಿಧಾನ

ಬ್ಲೇಡನ್ನು ಒಂದೇ ಸಲಕ್ಕೆ ಒತ್ತಿ ಕತ್ತರಿಸಬಾರದು. ಅಳತೆಪಟ್ಟಿಯ ಅಂಚಿಗೆ ಹಿಡಿದು ನಾಲ್ಕೈದು ಬಾರಿ ಹಗುರವಾಗಿ ಎಳೆದರೆ ಅಂಚು ನೇರವಾಗಿ ಬರುತ್ತದೆ. ರೆಕ್ಕೆಯ ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ತೆಳ್ಳಗೆ ಉಜ್ಜಬೇಕು. ಅಗಲದ ಮೂರನೆಯ ಒಂದು ಭಾಗದಲ್ಲಿ ದಪ್ಪ ಹೆಚ್ಚಿದ್ದು, ಹಿಂದಕ್ಕೆ ಇಳಿಯುತ್ತ ಹೋಗಬೇಕು. ಕೆಳಮೈ ಚಪ್ಪಟೆಯಾಗಿಯೇ ಇರಲಿ.

ಎರಡು ರೆಕ್ಕೆತುಂಡುಗಳನ್ನು ಸಮತಟ್ಟಾಗಿ ಜೋಡಿಸದೆ, ತುದಿಗಳು ಮೇಲೇಳುವಂತೆ ಜೋಡಿಸುವುದು ಅಗತ್ಯ. ಒಂದು ತುಂಡನ್ನು ಮೇಜಿನ ಮೇಲೆ ಇರಿಸಿ, ಇನ್ನೊಂದರ ತುದಿಯ ಕೆಳಗೆ 50 ಮಿ.ಮೀ. ಎತ್ತರದ ಆಸರೆ ಕೊಟ್ಟು, ಕೂಡುವ ಅಂಚುಗಳನ್ನು ಓರೆಯಾಗಿ ಉಜ್ಜಿ ಅಂಟಿಸಬೇಕು. ರೆಕ್ಕೆಯನ್ನು ಒಡಲಿನ ಮೇಲೆ ನಡುಮಟ್ಟದಲ್ಲಿಟ್ಟಾಗ ಪ್ರತಿ ತುದಿಯೂ ಸುಮಾರು 25 ಮಿ.ಮೀ. ಮೇಲೆದ್ದಿರುತ್ತದೆ. ಗಾಳಿಯ ತಳ್ಳಿಕೆಗೆ ಗ್ಲೈಡರ್ ಒಂದು ಮಗ್ಗುಲಿಗೆ ವಾಲಿದಾಗ ಅದು ಆ ಕಡೆಗೆ ಜಾರತೊಡಗುತ್ತದೆ. ಆಗ ಕೆಳಗಾದ ರೆಕ್ಕೆಗೆ ಎತ್ತುವ ಬಲ ಹೆಚ್ಚು ದೊರೆತು ಗ್ಲೈಡರ್ ತಾನಾಗಿಯೇ ನೇರವಾಗುತ್ತದೆ. ಚಾಲಕನಿಲ್ಲದ ಮಾದರಿಗೆ ಈ ಬಾಗುವಿಕೆಯೇ ಚಾಲಕ.

ಒಡಲಿನ ಮುಂತುದಿಯಿಂದ 90 ಮಿ.ಮೀ. ಹಿಂದೆ ರೆಕ್ಕೆಯ ಮುಂದಿನ ಅಂಚು ಬರಬೇಕು. ಆ ಅಂಚಿನ ಕೆಳಗೆ 1 ಮಿ.ಮೀ. ದಪ್ಪದ ಮರದ ಚೂರನ್ನು ಇರಿಸಿ ಅಂಟಿಸಿದರೆ ಬಾಲರೆಕ್ಕೆಗಿಂತ ರೆಕ್ಕೆ ತುಸು ಮೇಲ್ಮುಖವಾಗುತ್ತದೆ. ಬಾಲರೆಕ್ಕೆಯನ್ನು ಒಡಲಿನ ಹಿಂತುದಿಯಲ್ಲಿ ಸಮತಟ್ಟಾಗಿಯೂ, ಅದರ ಮೇಲೆ ಲಂಬರೆಕ್ಕೆಯನ್ನು ನೇರವಾಗಿಯೂ ಅಂಟಿಸಿ, ಹಿಂದಿನಿಂದ ಕಣ್ಣಳತೆಯಲ್ಲಿ ಪರೀಕ್ಷಿಸಬೇಕು. ಅಂಟು ಕಡಿಮೆಯಿದ್ದಷ್ಟೂ ಒಳ್ಳೆಯದು. ಬಾಲದ ಕಡೆ ಹೆಚ್ಚಾದ ಒಂದು ಗ್ರಾಂ ಅಂಟಿಗೆ ಮೂಗಿನಲ್ಲಿ ಎರಡು ಗ್ರಾಂನಷ್ಟು ದಂಡ ತೆರಬೇಕಾಗುತ್ತದೆ.

ಸಮತೋಲನ

ಈ ಹಂತದಲ್ಲಿ ಗ್ಲೈಡರ್ ಬಾಲಭಾರವಾಗಿರುತ್ತದೆ. ರೆಕ್ಕೆಯ ಮುಂದಿನ ಅಂಚಿನಿಂದ 25ರಿಂದ 30 ಮಿ.ಮೀ. ಹಿಂದೆ, ಎರಡೂ ಬದಿಯಲ್ಲಿ ಬೆರಳತುದಿಗಳನ್ನು ಕೊಟ್ಟು ಎತ್ತಿ ಹಿಡಿದಾಗ ಒಡಲು ಮಟ್ಟವಾಗಿ ನಿಲ್ಲಬೇಕು. ಹಾಗೆ ನಿಲ್ಲುವವರೆಗೆ ಮೂಗಿಗೆ ತೂಕ ಸೇರಿಸಬೇಕು. ಸುಮಾರು 5ರಿಂದ 7 ಗ್ರಾಂ ಬೇಕಾದೀತು. ಒಟ್ಟು ತೂಕ 20 ಗ್ರಾಂ ಆಸುಪಾಸಿಗೆ ಬರುತ್ತದೆ.

ಮೂಗಿನ ತೂಕಕ್ಕೆ ಹೊಲದ ಹಸಿ ಎರೆಮಣ್ಣನ್ನು ಬಳಸುವುದು ಸುಲಭವೆನಿಸಬಹುದು. ಆದರೆ ಅದು ಒಣಗಿದಂತೆ ನೀರು ಆರಿ ಹಗುರವಾಗುತ್ತದೆ, ಬಿರಿದು ಉದುರುತ್ತದೆ. ಬೆಳಿಗ್ಗೆ ಸರಿಯಾಗಿ ಹಾರಿದ ಗ್ಲೈಡರ್ ಮಧ್ಯಾಹ್ನಕ್ಕೆ ಕೆಡುತ್ತದೆ. ಆದ್ದರಿಂದ ಮೇಣ ಅಥವಾ ಮಕ್ಕಳು ಗೊಂಬೆ ಮಾಡುವ ಒಣಗದ ಜೇಡಿ ಉತ್ತಮ.

ಹಾರಾಟ

ಆಷಾಢದ ಬೀಸುಗಾಳಿ ಗಾಳಿಪಟಕ್ಕೆ ಹಿತ, ಗ್ಲೈಡರಿಗೆ ಅಲ್ಲ. ಮೊದಲ ಪರೀಕ್ಷೆಗೆ ಚಳಿಗಾಲದ ಮುಂಜಾವು ಪ್ರಶಸ್ತ. ಸೂರ್ಯ ಏರುವ ಮುನ್ನ ಗಾಳಿ ನಿಶ್ಚಲವಾಗಿರುತ್ತದೆ. ಹುಲ್ಲು ಬೆಳೆದ ನೆಲವಿದ್ದರೆ ಒಳ್ಳೆಯದು. ಜೋಳದ ಕೂಳೆ ಉಳಿದ ಹೊಲ ರೆಕ್ಕೆಯನ್ನು ಸೀಳುತ್ತದೆ.

ಗಾಳಿಗೆ ಎದುರಾಗಿ ನಿಂತು, ಒಡಲನ್ನು ರೆಕ್ಕೆಯ ಹಿಂಭಾಗದಲ್ಲಿ ಹಿಡಿದು, ಹತ್ತು ಹನ್ನೆರಡು ಮೀಟರ್ ದೂರದ ನೆಲದ ಮೇಲೆ ದೃಷ್ಟಿಯಿಟ್ಟು, ಭುಜದ ಎತ್ತರದಿಂದ ಮೆಲ್ಲನೆ ಮುಂದಕ್ಕೆ ಬಿಡಬೇಕು. ಎಸೆಯುವುದಕ್ಕಿಂತ ತೇಲಿಬಿಡುವುದು ಎಂದರೆ ಸರಿಯಾದೀತು. ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟ ಗ್ಲೈಡರ್ ಒಂಬತ್ತು ಮೀಟರ್ ಸಾಗಿ ಇಳಿದರೆ, ಅದರ ತೇಲುವ ಅನುಪಾತ ಆರು. ಸರಳ ಮಾದರಿಗೆ ಇದು ತೃಪ್ತಿಕರ.

ದೋಷ ಮತ್ತು ಪರಿಹಾರ

ಮೂಗು ಮೇಲೆದ್ದು, ಕ್ಷಣಕಾಲ ನಿಂತಂತಾಗಿ, ಮತ್ತೆ ಮುಗ್ಗರಿಸಿದರೆ ಬಾಲಭಾರ ಎಂದರ್ಥ. ಮೂಗಿಗೆ ಕಾಳಿನಷ್ಟು ತೂಕ ಸೇರಿಸಬೇಕು.

ನೇರವಾಗಿ ನೆಲಕ್ಕೆ ಇಳಿದರೆ ಮೂಗುಭಾರ. ಸ್ವಲ್ಪ ತೂಕ ತೆಗೆಯಬೇಕು ಅಥವಾ ಬಾಲರೆಕ್ಕೆಯ ಹಿಂದಿನ ಅಂಚನ್ನು ಒಂದು ಮಿ.ಮೀ. ಮೇಲಕ್ಕೆ ಬಾಗಿಸಬೇಕು. ಮರದ ಮೇಲೆ ಬಾಯಿಯ ಬಿಸಿಯುಸಿರು ಬಿಟ್ಟು, ಬೆರಳಿನಿಂದ ಬಾಗಿಸಿ ಹಿಡಿದರೆ ಮುರಿಯದೆ ಬಾಗುತ್ತದೆ.

ಒಂದೇ ಬದಿಗೆ ತೀವ್ರವಾಗಿ ಸುತ್ತಿ ಬಿದ್ದರೆ ರೆಕ್ಕೆಯಲ್ಲಿ ತಿರುಚು ಇದೆಯೇ, ಲಂಬರೆಕ್ಕೆ ಓರೆಯಾಗಿದೆಯೇ ನೋಡಬೇಕು. ಅಗಲವಾದ ಮಂದ ತಿರುವು ದೋಷವಲ್ಲ. ಗ್ಲೈಡರ್ ಕೈಗೆ ಸಿಗುವ ದೂರದಲ್ಲಿಯೇ ಇಳಿಯಲು ಅದು ನೆರವಾಗುತ್ತದೆ.

ಇಲ್ಲಿ ಪಾಲಿಸಬೇಕಾದ ನಿಯಮವೆಂದರೆ, ಒಂದು ಸಲಕ್ಕೆ ಒಂದೇ ಬದಲಾವಣೆ. ತೂಕ ಮತ್ತು ಬಾಗು ಎರಡನ್ನೂ ಒಟ್ಟಿಗೆ ಬದಲಿಸಿದರೆ, ಸುಧಾರಣೆಗೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ಪ್ರತಿ ಬದಲಾವಣೆಯ ನಂತರ ಮೂರು ಬಾರಿ ಹಾರಿಸಿ, ದೂರವನ್ನು ಹೆಜ್ಜೆಯಲ್ಲಿ ಅಳೆದು, ನೋಟ್‌ಬುಕ್‌ನಲ್ಲಿ ಬರೆದಿಡುವುದು ಲೇಸು. ನೇರ ತೇಲಾಟ ಸಿದ್ಧಿಸಿದ ಬಳಿಕವೇ ಎತ್ತರಕ್ಕೆ ಎಸೆಯಬೇಕು. ಆಗಲೂ ಬಲಗೈಯವರು ಗ್ಲೈಡರನ್ನು ತುಸು ಬಲಕ್ಕೆ ವಾಲಿಸಿ ಎಸೆದು, ಎಡಕ್ಕೆ ತಿರುಗಿ ಇಳಿಯುವಂತೆ ಹೊಂದಿಸಿಕೊಳ್ಳುವುದು ರೂಢಿ.

ಬಿಸಿಗಾಳಿಯ ಏರಿಕೆ

ಬೇಸಿಗೆಯಲ್ಲಿ ಕಪ್ಪು ನೆಲ ಬೇಗ ಕಾದು, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಹೊಲದಲ್ಲಿ ದೂಳೆಬ್ಬಿಸುವ ಸುಳಿಗಾಳಿ ಈ ಏರಿಕೆಯ ಕಣ್ಣಿಗೆ ಕಾಣುವ ರೂಪ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದೂ ಇದರ ಆಸರೆಯಿಂದಲೇ. ಚೆನ್ನಾಗಿ ಹೊಂದಿಸಿದ ಗ್ಲೈಡರ್ ಇಂತಹ ಗಾಳಿಗೆ ಸಿಕ್ಕರೆ ಕಣ್ಮರೆಯಾಗುವಷ್ಟು ಮೇಲೆ ಹೋಗಬಹುದು. ಆದ್ದರಿಂದ ಒಡಲಿನ ಮೇಲೆ ಶಾಲೆಯ ಹೆಸರು ಬರೆದಿಡುವುದು ಉಪಯುಕ್ತ.

ಎಚ್ಚರಿಕೆ

ಬ್ಲೇಡಿನ ಕೆಲಸವನ್ನು ಕಿರಿಯರು ಹಿರಿಯರ ಸಮ್ಮುಖದಲ್ಲಿಯೇ ಮಾಡಬೇಕು. ಉಜ್ಜುವಾಗ ಏಳುವ ಮರದ ದೂಳು ಉಸಿರಿಗೆ ಸೇರದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಜನರ ಕಡೆಗೆ ಎಸೆಯಬಾರದು. ವಿದ್ಯುತ್ ತಂತಿ, ತೆರೆದ ಬಾವಿ, ರಸ್ತೆಗಳಿಂದ ದೂರವಿರಬೇಕು. ತಂತಿಗೆ ಸಿಕ್ಕಿಕೊಂಡ ಗ್ಲೈಡರನ್ನು ಕೋಲಿನಿಂದ ತೆಗೆಯುವ ಸಾಹಸ ಸಲ್ಲದು. ಮಾದರಿ ಹೋದರೆ ಮತ್ತೊಂದನ್ನು ಮಾಡಬಹುದು.

ಬಾಲ್ಸಾ ಸಿಗದಿದ್ದರೆ ಇದೇ ಅಳತೆಗಳನ್ನು ತೆಳು ಥರ್ಮೊಕೋಲ್ ಹಾಳೆಯಲ್ಲಿಯೂ ಪ್ರಯತ್ನಿಸಬಹುದು. ಒಡಲಿಗೆ ನೇರವಾದ, ಚೆನ್ನಾಗಿ ಒಣಗಿದ ದಂಟು ಒದಗುತ್ತದೆ. ವಸ್ತು ಬದಲಾದಂತೆ ಮೂಗಿನ ತೂಕ ಬದಲಾಗುತ್ತದೆ, ತತ್ವ ಬದಲಾಗುವುದಿಲ್ಲ.

ಪಠ್ಯಪುಸ್ತಕದಲ್ಲಿ ಗುರುತ್ವ ಕೇಂದ್ರವೆಂಬುದು ಕಂಠಪಾಠ ಮಾಡಬೇಕಾದ ಒಂದು ವ್ಯಾಖ್ಯೆ. ಗ್ಲೈಡರಿನಲ್ಲಿ ಅದು ಬೆರಳಿಗೆ ತಾಗುವ ಒಂದು ಗೆರೆ, ಮೂಗಿಗೆ ಮೆತ್ತಿದ ಒಂದು ಚಿಟಿಕೆ ಜೇಡಿ. ಬಿದ್ದ ಗ್ಲೈಡರ್ ತಾನು ಬಿದ್ದ ಕಾರಣವನ್ನು ಬಿದ್ದ ರೀತಿಯಲ್ಲಿಯೇ ಹೇಳುತ್ತದೆ. ಅದನ್ನು ಓದಲು ಕಲಿತ ವಿದ್ಯಾರ್ಥಿಗೆ ವಿಮಾನ ವಿದ್ಯೆ ದೂರದ ನಗರದ ಸೊತ್ತಾಗಿ ಉಳಿಯುವುದಿಲ್ಲ.